ಫೌಜಿಗಳ ಬೈಕ್ ಕ್ಲಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೈವೇ ಪಕ್ಕದ ಚಹಾ ಅಂಗಡಿ ಮುಂದೆ ನಮ್ಮ ಮಾಜಿ ಸೈನಿಕರ ಕ್ಲಬ್ಬಿನ ಆರೇಳು ಬೈಕು ಸಾಲಾಗಿ ನಿಂತರೆ ಸಾಕು, ಯಾರಾದರೂ ಒಬ್ಬರು ಬಂದು ಮಾತಿಗೆ ನಿಂತೇ ನಿಲ್ಲುತ್ತಾರೆ. ಕೆಲವರು ಪತ್ರ ಬರೆದು ಕೇಳುತ್ತಾರೆ. ಕೆಲವರು ಬೈದು ಕೇಳುತ್ತಾರೆ. ಏಳೆಂಟು ವರ್ಷದಿಂದ ಅದದೇ ಪ್ರಶ್ನೆಗೆ ಅದದೇ ಉತ್ತರ ಹೇಳಿ ಸಾಕಾಗಿ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಪ್ರಶ್ನೆಗಳು ಕೇಳಿದವರ ಬಾಯಲ್ಲಿ ಬಂದ ಹಾಗೇ ಇವೆ.

## ಮೊದಲ ಪರಿಚಯ

ನೀವು ಯಾರ್ರೀ? ಪೊಲೀಸರಾ, ಮಿಲಿಟರಿಯವರಾ?

ಎರಡೂ ಅಲ್ಲ. ಭೂಸೇನೆ, ವಾಯುಪಡೆ, ನೌಕಾಪಡೆಯಲ್ಲಿ ಇದ್ದು ನಿವೃತ್ತರಾಗಿ ಊರಿಗೆ ಬಂದವರು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯವರು ಇದ್ದೇವೆ. ಬೀದರ್‌ನವರಲ್ಲಿ ವಾಯುಪಡೆಯವರೇ ಜಾಸ್ತಿ. 1996ರಲ್ಲಿ ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ ಹುಟ್ಟಿದ ಊರಲ್ವಾ ಅದು. 'ಹಾಗಾದರೆ ನೀವು ವಿಮಾನ ಹಾರಿಸಿದವರಾ?' ಎಂದು ಅವರನ್ನು ಎಲ್ಲರೂ ಕೇಳುತ್ತಾರೆ. ಇಲ್ಲ, ಅವರು ವಿಮಾನ ರಿಪೇರಿ ಮಾಡಿದವರು. ನಮ್ಮ ಬೈಕುಗಳ ಮಟ್ಟಿಗೆ ಅದೇ ಹೆಚ್ಚು ಉಪಯೋಗದ್ದು.

ಸಿಪಾಯಿಯ ನೌಕರಿ ಬೇಗ ಮುಗಿಯುತ್ತದೆ. 15 ವರ್ಷ ಸೇವೆ ಆದರೆ ಪಿಂಚಣಿ ಸಿಗುತ್ತದೆ. ಹದಿನೆಂಟಕ್ಕೆ ಹೋದವನು ನಲವತ್ತರ ಒಳಗೇ ಮನೆಗೆ ಬಂದು ಕೂರಬಹುದು. ಕೈಕಾಲು ಗಟ್ಟಿ ಇರುತ್ತವೆ, ಮಾಡಲು ಕೆಲಸ ಇರುವುದಿಲ್ಲ. ಕ್ಲಬ್ ಹುಟ್ಟಿದ್ದು ಆ ಖಾಲಿ ಹೊತ್ತಿನಲ್ಲೇ.

ಸೇವೆ ಮಾಡೋಕೆ ಬೈಕೇ ಯಾಕೆ ಬೇಕು?

ಒಂದು, ಹಳೆಯ ಪ್ರೀತಿ. ನಾನು ಸಿಗ್ನಲ್ಸ್‌ನವನು, ಅಂದರೆ ಸೇನೆಯಲ್ಲಿ ಸಂದೇಶ ಮುಟ್ಟಿಸುವ ವಿಭಾಗದವನು. ವೈರ್‌ಲೆಸ್ ಕೈಕೊಟ್ಟಾಗ ಕಾಗದ ಹೊತ್ತು ಬೈಕಿನಲ್ಲಿ ಓಡುವವನಿಗೆ ನಮ್ಮಲ್ಲಿ ಡಿಆರ್ ಅನ್ನುತ್ತಾರೆ, ಡಿಸ್ಪ್ಯಾಚ್ ರೈಡರ್. ಗಣರಾಜ್ಯ ದಿನದ ಪರೇಡಿನಲ್ಲಿ ಬೈಕಿನ ಮೇಲೆ ಮನುಷ್ಯರ ಗೋಪುರ ಕಟ್ಟುವ ಡೇರ್ ಡೆವಿಲ್ಸ್ ತಂಡವೂ ಸಿಗ್ನಲ್ಸ್‌ನದೇ, 1935ರಷ್ಟು ಹಳೆಯದು. ಬುಲೆಟ್ ಈ ದೇಶದಲ್ಲಿ ಬೇರು ಬಿಟ್ಟಿದ್ದೂ ಸೇನೆಯಿಂದ. 1950ರ ದಶಕದ ಮೊದಲ ವರ್ಷಗಳಲ್ಲಿ ಗಡಿ ಗಸ್ತಿಗೆ ಅದನ್ನು ಆರಿಸಿಕೊಂಡರು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿಯೇ ಶುರುವಾಯಿತು.

ಎರಡು, ನಮ್ಮ ಭಾಗದ ಹಳ್ಳಿಗಳು. ಚಿಂಚೋಳಿ, ಔರಾದ್, ಸುರಪುರ ಕಡೆ ದಿನಕ್ಕೆ ಎರಡೇ ಬಸ್ಸು ಬರುವ ಊರುಗಳಿವೆ. ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಕೆಲಸ ಹೋಯಿತು. ಬೈಕು ಮನೆ ಬಾಗಿಲಿಗೇ ಹೋಗುತ್ತದೆ.

ಇಂಗ್ಲಿಷ್ ಸಿನಿಮಾದಲ್ಲಿ ಬರ್ತಾರಲ್ಲ, ಆ ಗ್ಯಾಂಗ್ ಥರಾನಾ?

ಹುಡುಗರೆಲ್ಲ ಇದನ್ನೇ ಕೇಳುತ್ತಾರೆ. ಬೇರು ಒಂದೇ, ನಿಜ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಗೆ ಬಂದ ಸೈನಿಕರು ಬೈಕ್ ಕ್ಲಬ್ ಕಟ್ಟಿಕೊಂಡರು. ಯುದ್ಧ ನೋಡಿದವನಿಗೆ ಊರಿನ ಶಾಂತಿ ಒಮ್ಮೊಮ್ಮೆ ಕಿವಿಗೆ ಚುಚ್ಚುತ್ತದೆ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಲ್ಲಿ ಬೈಕ್ ಜಾತ್ರೆ ಕೈಮೀರಿ ಗದ್ದಲವಾಯಿತು. ಪತ್ರಿಕೆಗಳು ಅದನ್ನು ದೊಡ್ಡದು ಮಾಡಿದವು. 'ಬೈಕಿನವರು ಅಂದರೆ ಪುಂಡರು' ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು.

ಅದೇ ಬೇರಿನಿಂದ ಬೇರೆ ಕೊಂಬೆಯೂ ಬಂತು. ಕಾಣೆಯಾದ, ಸೆರೆಸಿಕ್ಕ ಸೈನಿಕರನ್ನು ಮರೆಯಬೇಡಿ ಎಂದು 1988ರಿಂದ ವರ್ಷಕ್ಕೊಮ್ಮೆ ವಾಷಿಂಗ್ಟನ್‌ಗೆ ಸಾವಿರಾರು ಬೈಕುಗಳು ಹೋಗುತ್ತಿದ್ದವು. ಬ್ರಿಟನ್ನಿನಲ್ಲಿ ಮಾಜಿ ಸೈನಿಕರ ಸಂಘವಾದ ರಾಯಲ್ ಬ್ರಿಟಿಷ್ ಲೀಜನ್‌ಗೆ ಬೈಕ್ ಸವಾರರದೇ ಒಂದು ಶಾಖೆ ಇದೆ. ನಾವು ಅವರಿಂದ ತೆಗೆದುಕೊಂಡದ್ದು ಸಾಲಾಗಿ ಸವಾರಿ ಮಾಡುವ ಶಿಸ್ತು ಅಷ್ಟೇ. ಚರ್ಮದ ಜಾಕೆಟ್ ತೆಗೆದುಕೊಳ್ಳಲಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಅದನ್ನು ಹಾಕಿದವನನ್ನು 108ರಲ್ಲೇ ವಾಪಸ್ ಕರೆತರಬೇಕಾಗುತ್ತದೆ.

ಯಾವ ಪಾರ್ಟಿ ಕಡೆಯವರು?

ಯಾವುದೂ ಅಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದ ದಿನದವರೆಗೆ ಗುಂಪಾಗಿ ಎಲ್ಲಿಗೂ ಹೋಗುವುದಿಲ್ಲ.

## ಸೇರಬೇಕೆನ್ನುವವರಿಗೆ

ನಾನು ಮಿಲಿಟರಿಯಲ್ಲಿ ಇರಲಿಲ್ಲ, ಸೇರಬಹುದಾ?

ಬನ್ನಿ. ನಿಮ್ಮಂಥವರಿಗೆ 'ಜೊತೆಗಾರರು' ಅನ್ನುತ್ತೇವೆ. ಕಂಪ್ಯೂಟರ್ ಬಲ್ಲ ಮೇಷ್ಟ್ರು, ಮೆಕ್ಯಾನಿಕ್, ಒಬ್ಬ ಔಷಧಿ ಅಂಗಡಿಯವರು ಈಗಾಗಲೇ ಇದ್ದಾರೆ. ಅವರಿಲ್ಲದಿದ್ದರೆ ನಮ್ಮ ಅರ್ಧ ಕೆಲಸ ನಿಲ್ಲುತ್ತದೆ. ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರಿಗೆ ಸರ್ಕಾರದ ಲೆಕ್ಕದಲ್ಲಿ ಮಾಜಿ ಸೈನಿಕ ಎಂಬ ಸ್ಥಾನ ಇಲ್ಲ. ನಮ್ಮ ಲೆಕ್ಕದಲ್ಲಿ ಇದೆ. ಹೆಣ್ಣುಮಕ್ಕಳೂ ಬರುತ್ತಾರೆ. ನಾವು ಹೋಗುವ ಮನೆಗಳಲ್ಲಿ ಹೆಚ್ಚಿನವು ಸೈನಿಕರ ವಿಧವೆಯರ ಮನೆಗಳು. ಅಲ್ಲಿ ಆರು ಗಂಡಸರು ಹೆಲ್ಮೆಟ್ ಹಿಡಿದು ನಿಂತರೆ ಪಾಪ, ಅವ್ವ ಏನು ಮಾತಾಡಬೇಕು?

ಬುಲೆಟ್ ಇಲ್ಲ ಸರ, ಸ್ಪ್ಲೆಂಡರ್ ಇದೆ. ನಡೀತದಾ?

ನಡೆಯುತ್ತದೆ. ನಮ್ಮಲ್ಲಿ ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ ಎರಡು ಇವೆ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿ ಮಾತ್ರ ಒಂದೇ ಕಿಕ್ಕಿಗೆ ಏಳುತ್ತದೆ. (ಸರಿ, ಚಳಿಗಾಲದಲ್ಲಿ ಮೂರು.) ಆದರೆ ಕ್ಲಬ್ಬಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಗಾಡಿ ಒಂದು ಟಿವಿಎಸ್ ಎಕ್ಸೆಲ್. ಎರಡು ಚೀಲ ಜೋಳ ಇಟ್ಟರೂ ಗೊಣಗುವುದಿಲ್ಲ. ಒಂದೇ ಷರತ್ತು: ಸೈಲೆನ್ಸರ್ ಬದಲಾಯಿಸಿ ಸದ್ದು ಮಾಡುವ ಗಾಡಿ ಬೇಡ. ಅದು ಕಾನೂನಿಗೂ ವಿರುದ್ಧ, ಬೆಳಗಿನ ಜಾವ ಐದಕ್ಕೆ ಓಣಿಯಲ್ಲಿ ಮಲಗಿದವರಿಗೂ ವಿರುದ್ಧ.

ಅಪ್ಪನಿಗೆ 64 ವರ್ಷ, ಬಿಪಿ ಇದೆ. ಮನೇಲಿ ಕೂರಂದ್ರೆ ಕೂರಲ್ಲ. ಕಳಿಸಬಹುದಾ?

ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಲೈಸೆನ್ಸ್ ತೆಗೆದು ನೋಡಿ. 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ, ನವೀಕರಣಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ತುಂಬ ಜನ ಹಿರಿಯರು ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡೇ ಓಡಾಡುತ್ತಿರುತ್ತಾರೆ. ಎರಡೂ ಸರಿ ಇದ್ದರೆ ಕಳಿಸಿ. 60 ದಾಟಿದವರು ಒಂದೇ ದಿನಕ್ಕೆ 120 ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದು ಬೇಡ ಎಂಬುದು ನಮ್ಮದೇ ನಿಯಮ. ಅದನ್ನು ಮುರಿಯುವವರೂ ಅವರೇ.

ಯೂನಿಫಾರ್ಮ್ ಹಾಕ್ಕೊಂಡು ಯಾಕೆ ಬರಲ್ಲ? ಚೆಂದ ಕಾಣ್ತದಲ್ಲ.

ಅದು ಈಗ ನಮ್ಮದಲ್ಲ, ಅದಕ್ಕೇ. ಸೇನೆಯ ಮಚ್ಚೆ ಬಟ್ಟೆ ಹಾಕಿ ಬಜಾರಿನಲ್ಲಿ ತಿರುಗುವುದನ್ನು ನಾವು ಒಪ್ಪುವುದಿಲ್ಲ. ಬೈಕಿನ ಮೇಲೆ 'ಆರ್ಮಿ' ಎಂಬ ಸ್ಟಿಕ್ಕರ್ ಕೂಡ ಬೇಡ. ಪದಕಗಳ ಮಾತು ಬೇರೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 16ರ ವಿಜಯ ದಿವಸ, ಜನವರಿ 14ರ ಮಾಜಿ ಸೈನಿಕರ ದಿನದಂದು ಸಾದಾ ಬಟ್ಟೆಯ ಮೇಲೆ ಎಡ ಎದೆಗೆ ಹಾಕುತ್ತೇವೆ. ತೀರಿಹೋದವರ ಪದಕವನ್ನು ಮನೆಯವರು ಬಲ ಎದೆಗೆ ಹಾಕಬೇಕು. ಇದು ಎಷ್ಟೋ ಮನೆಯವರಿಗೆ ಗೊತ್ತಿಲ್ಲ, ಪದಕ ಟ್ರಂಕಿನಲ್ಲೇ ಉಳಿದಿರುತ್ತದೆ. ಅಂದ ಹಾಗೆ, ಜನವರಿ 14 ಯಾಕೆ ಅಂದರೆ, ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದದ್ದು ಅಂದೇ.

## ಮಾಡುವ ಕೆಲಸ

ಪೆಟ್ರೋಲ್ ಸುಡೋ ಬದಲು ಆ ದುಡ್ಡನ್ನೇ ಬಡವರಿಗೆ ಕೊಡಬಾರದಾ?

ಇದನ್ನು ಮೊದಲ ಸಲ ಕೇಳಿದ್ದು ಹುಮನಾಬಾದ್ ಹತ್ತಿರ ಒಬ್ಬ ಹಣ್ಣಿನ ಬಂಡಿಯವರು. ಅವತ್ತು ನಲವತ್ತು ಬೈಕಿನಲ್ಲಿ ಬಾವುಟ ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಹೊರಟಿದ್ದೆವು. ಶಾಲೆಗೆ ಕೊಡಲು ಒಂದು ಚೀಲ ನೋಟುಬುಕ್ ಇತ್ತು. ಒಂದೇ ಚೀಲ! 'ನಲವತ್ತು ಗಾಡಿ ಬೇಕಿತ್ತೇನ್ರಿ ಇದಕ್ಕೆ?' ಅಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಸುಮ್ನೆ ಬಾಳೆಹಣ್ಣು ತಿಂದು ಹೊರಟೆವು.

ಅದಾದ ಮೇಲೆ ಪದ್ಧತಿ ಬದಲಾಯಿತು. ಕೆಲಸ ಇಲ್ಲದ ರೈಡ್ ಇಲ್ಲ. ಒಂದು ಮನೆಗೆ ಎರಡು ಬೈಕು, ಹೆಚ್ಚೆಂದರೆ ಮೂರು. ನೂರು ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲ್, ಅದು ಅವರವರ ಕಿಸೆಯಿಂದ. ಈಗ ಆ ಕಡೆಯ ಲೆಕ್ಕ ನೋಡಿ. ಎಪ್ಪತ್ತೈದು ವರ್ಷದ ಅಜ್ಜಿ ಒಂದು ಸಹಿಗೋಸ್ಕರ ಕಲಬುರಗಿಗೆ ಬರಬೇಕೆಂದರೆ ಜೊತೆಗೆ ಮಗ ಬರಬೇಕು. ಅವನ ಒಂದು ದಿನದ ಕೂಲಿ ಹೋಗುತ್ತದೆ. 'ನಾಳೆ ಬನ್ನಿ' ಅಂದರೆ ಎರಡು ದಿನದ್ದು. ಆ ಮೂರು ಲೀಟರ್ ಪೆಟ್ರೋಲನ್ನು ನಗದಾಗಿ ಕೈಗೆ ಕೊಟ್ಟಿದ್ದರೆ ಒಂದು ವಾರದ ಎಣ್ಣೆ, ಬೇಳೆಗೂ ಸಾಲುತ್ತಿರಲಿಲ್ಲ. ಕಾಗದ ಸರಿಯಾದರೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ.

ಹಾಗೆಂದು ಎಲ್ಲ ರೈಡೂ ಲೆಕ್ಕಕ್ಕೆ ಸರಿಹೋಗುತ್ತದೆ ಎಂದಲ್ಲ. ವರ್ಷಕ್ಕೆ ಒಂದೆರಡು ಸಲ ಸುಮ್ನೆ ಗೊಟ್ಟಂಗೊಟ್ಟಿಗೋ ಸನ್ನತಿಗೋ ಹೋಗಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಬರುತ್ತೇವೆ. ಅದನ್ನು ಸೇವೆ ಎಂದು ಕರೆಯುವುದಿಲ್ಲ.

ಕಾಗದದ ಕೆಲಸ, ಕಾಗದದ ಕೆಲಸ ಅಂತೀರಿ. ಅದರಲ್ಲಿ ಅಂಥದ್ದೇನಿದೆ?

ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಫೋಟೋ ಬರುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಗಂಡ ಸೇನೆಗೆ ಸೇರಿದಾಗ ಹೆಂಡತಿಯ ಹೆಸರನ್ನು ದಾಖಲೆಯಲ್ಲಿ 'ಶಾಂತಾಬಾಯಿ' ಎಂದು ಬರೆಸಿದ್ದ. ಆಧಾರಿನಲ್ಲಿ 'ಶಾಂತಮ್ಮ' ಎಂದಾಯಿತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ 'ಶಾಂತಾ'. ಊರಿನವರಿಗೆಲ್ಲ ಒಬ್ಬಳೇ ಹೆಂಗಸು, ಕಂಪ್ಯೂಟರಿಗೆ ಮೂವರು. ಗಂಡ ತೀರಿಕೊಂಡ ದಿನ ಈ ಮೂರು ಹೆಸರು ಒಟ್ಟಿಗೆ ಎದುರು ಬರುತ್ತವೆ, ಕುಟುಂಬ ಪಿಂಚಣಿ ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಬಾಯಿ, ಅಮ್ಮ, ಅವ್ವ ಬೇಕಾದ ಹಾಗೆ ಬದಲಾಗುತ್ತವೆ. ಹಾಗಾಗಿ ಈ ತೊಡಕು ಇಲ್ಲಿ ಜಾಸ್ತಿ.

ಅದಕ್ಕೇ ಗಂಡ ಬದುಕಿರುವಾಗಲೇ ಹೋಗುತ್ತೇವೆ. ಟ್ರಂಕು ತೆಗೆಸಿ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾದ ಆದೇಶ), ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಡುತ್ತೇವೆ. ಹೆಸರು, ಹುಟ್ಟಿದ ತಾರೀಖು ಅಕ್ಷರ ಅಕ್ಷರ ಹೋಲಿಸುತ್ತೇವೆ. ತಪ್ಪಿದ್ದರೆ ಅಫಿಡವಿಟ್ ಮಾಡಿಸಿ, ಅರ್ಜಿ ಬರೆದು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸುತ್ತೇವೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೇ ಮನೆಗೆ ಐದಾರು ಸಲ ಹೋಗಬೇಕಾಗುತ್ತದೆ.

ಎರಡನೆಯದು ಜೀವನ ಪ್ರಮಾಣ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕು. 2014ರಿಂದ ಇದು ಆಧಾರ್ ಮೇಲೆ ಆಗುತ್ತಿದೆ. ಆದರೆ ಜೀವಮಾನವಿಡೀ ಕಳೆ ತೆಗೆದ, ತೊಗರಿ ಕೊಯ್ದ ಕೈಯ ಬೆರಳ ಗುರುತು ಯಂತ್ರಕ್ಕೆ ಹಿಡಿಯುವುದೇ ಇಲ್ಲ. ಈಗ ಮುಖ ತೋರಿಸಿದರೆ ಸಾಕು, ಮೊಬೈಲಿನಲ್ಲೇ ಆಗುತ್ತದೆ. ಬಾಗಿಲ ಬಳಿ ಬೆಳಕಿಗೆ ಕೂರಿಸಿ 'ಅವ್ವಾ, ಒಮ್ಮೆ ಕಣ್ಣು ಮಿಟುಕಿಸ್ರಿ' ಅಂದರೆ ನಗುತ್ತಾರೆ. ನಕ್ಕರೂ ಪರವಾಗಿಲ್ಲ.

ಮೂರನೆಯದು ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ. 2003ರಿಂದ ಇದೆ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದ ಪಿಂಚಣಿದಾರರು ವಂತಿಗೆ ಕಟ್ಟಬೇಕಿಲ್ಲ. ಇದು ಗೊತ್ತಿಲ್ಲದೆ ಆಸ್ಪತ್ರೆ ಖರ್ಚಿಗೆ ಸಾಲ ಮಾಡಿದ ಹಿರಿಯರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ನಮ್ಮವರಿಗೆ ಇರುವ ಕಟ್ಟಪ್ಪಣೆ: ಯಾರ ಒಟಿಪಿ ಕೇಳುವ ಹಾಗಿಲ್ಲ, ಎಟಿಎಂ ಕಾರ್ಡ್ ಮುಟ್ಟುವ ಹಾಗಿಲ್ಲ, ಮೂಲ ಕಾಗದ ಮನೆಯಿಂದ ಹೊರಗೆ ತರುವ ಹಾಗಿಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೆ ಅವರು ನಮ್ಮವರಲ್ಲ. ಇನ್ನೊಂದು, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಊಟ ಮಾಡಿಕೊಂಡು ಹೋದರೆ ಬೀಗ ನೋಡಿ ಬರಬೇಕು.

ಕಬ್ಬಿನ ಟ್ರ್ಯಾಕ್ಟರಿಗೆ ಕೆಂಪು ಪಟ್ಟಿ ಅಂಟಿಸೋರು ನೀವೇನಾ?

ಹೌದು, ನಾವೇ. ನಮ್ಮ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಬೀದರ್, ಅಫಜಲಪುರ ಕಡೆ ಕಬ್ಬಿನ ಹಂಗಾಮು ಶುರುವಾದರೆ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೈಲರ್. ಹಿಂದೆ ದೀಪ ಇರುವುದಿಲ್ಲ. ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಕತ್ತಲಲ್ಲಿ ಬೈಕಿನವನಿಗೆ ಕಾಣುವಷ್ಟರಲ್ಲಿ ಮುಗಿದಿರುತ್ತದೆ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಒಂದು ಸುರುಳಿ ತಂದರೆ ಹಲವು ಟ್ರೈಲರಿಗೆ ಆಗುತ್ತದೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಅಂಟಿಸುವ ಮುಂಚೆ ಧೂಳು ಒರೆಸಬೇಕು, ಇಲ್ಲದಿದ್ದರೆ ಎರಡೇ ದಿನಕ್ಕೆ ಬಿದ್ದುಹೋಗುತ್ತದೆ. ಮೊದಲ ವರ್ಷ ನಾವು ಒರೆಸಿರಲಿಲ್ಲ.

ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯವರ ಚೀಲಕ್ಕೂ ಅಂಟಿಸುತ್ತೇವೆ. ಅವರಂತೂ ಬೇಗ ಒಪ್ಪುತ್ತಾರೆ. ಟ್ರ್ಯಾಕ್ಟರ್ ಚಾಲಕರಿಗೆ ಮಾತ್ರ ಮೊದಲು ಚಹಾ ಕುಡಿಸಬೇಕು.

ರಸ್ತೇಲಿ ಯಾರಾದ್ರೂ ಬಿದ್ದಿದ್ರೆ ನೀವು ನಿಲ್ತೀರಾ? ಪೊಲೀಸ್ ಕೇಸ್ ಆಗಲ್ವಾ?

ನಿಲ್ಲುತ್ತೇವೆ. ನೀವೂ ನಿಲ್ಲಿ. ಸಹಾಯ ಮಾಡಿದವರನ್ನು ಸತಾಯಿಸಬಾರದು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕು ಎಂದೇನಿಲ್ಲ. 108ಕ್ಕೆ ಫೋನ್ ಮಾಡಿ, ಹಿಂದಿನಿಂದ ಬರುವ ಗಾಡಿಗಳನ್ನು ತಡೆಯಿರಿ, ರಕ್ತ ಹರಿಯುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ. ಎಳೆದಾಡಿ ಕೂರಿಸಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಜನ ಮೊದಲು ಮಾಡುವುದೇ ಅದು.

ರಕ್ತ ಬೇಕಿದ್ರೆ ಕೊಡ್ತೀರಾ?

ಕೊಡುವವರ ಪಟ್ಟಿ ಇಟ್ಟಿದ್ದೇವೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. 65 ದಾಟಿದವರು ಕೊಡುವಂತಿಲ್ಲ, ಹಾಗಾಗಿ ನಮ್ಮ ಪಟ್ಟಿ ವರ್ಷ ವರ್ಷ ಚಿಕ್ಕದಾಗುತ್ತಿದೆ. ಹುಡುಗರೇ, ಬನ್ನಿ.

2020ರಲ್ಲಿ ಭೀಮಾ ಹೊಳೆ ಬಂದಾಗ ನೀವು ಹೋಗಿದ್ರಂತಲ್ಲ, ಏನು ಮಾಡಿದ್ರಿ?

ಮೊದಲ ಎರಡು ದಿನ ಅಡ್ಡಿ ಮಾಡಿದೆವು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳು ಮುಳುಗಿದ್ದವು. ನಾವು ಹಳೆ ಬಟ್ಟೆ ಗಂಟು ಕಟ್ಟಿಕೊಂಡು ಹತ್ತು ಬೈಕಿನಲ್ಲಿ ಹೊರಟೆವು. ಎರೆಮಣ್ಣಿನಲ್ಲಿ ನಾಲ್ಕು ಗಾಡಿ ಹೂತವು. ದೋಣಿ ಹತ್ತಿಸುತ್ತಿದ್ದ ಹುಡುಗರೇ ಬಂದು ನಮ್ಮನ್ನು ಎಳೆದರು. ಬಟ್ಟೆಗಳಲ್ಲಿ ಅರ್ಧ ಹರಿದವು, ಗುಂಡಿ ಇಲ್ಲದವು. ಕಾಳಜಿ ಕೇಂದ್ರದಲ್ಲಿ ಒಬ್ಬ ಅಕ್ಕ ಒಂದು ಸೀರೆ ಬಿಡಿಸಿ ನೋಡಿ, ಮಡಚಿ ವಾಪಸ್ ಇಟ್ಟರು. ಏನೂ ಅನ್ನಲಿಲ್ಲ. ಆ ಮಡಚಿದ ರೀತಿ ಇನ್ನೂ ಕಣ್ಣಿನಲ್ಲಿದೆ.

ಬೈಕು ಉಪಯೋಗಕ್ಕೆ ಬಂದದ್ದು ನೀರು ಇಳಿದ ಮೇಲೆ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ನೀರು ಪಾಲಾದವರು ಮನೆಮನೆಯಲ್ಲೂ ಇದ್ದರು. ಹೆಸರು ಬರೆದುಕೊಂಡು ಬಂದು, ಔಷಧಿ ಅಂಗಡಿಯ ಜೊತೆಗಾರರಿಂದ ತೆಗೆದುಕೊಂಡು ಮರುದಿನ ತಲುಪಿಸಿದೆವು. ಆಮೇಲೆ ಬೆಳೆ, ಮನೆ ಪರಿಹಾರದ ಅರ್ಜಿಗಳು. ಆ ವರ್ಷದಿಂದ ಹಳೆ ಬಟ್ಟೆ ಯಾರು ಕೊಟ್ಟರೂ ತಗೊಳ್ಳಲ್ಲ.

ಮಗನ್ನ ಮಿಲಿಟರಿಗೆ ಸೇರಿಸಬೇಕು. ನಿಮ್ಮ ಪರಿಚಯದಿಂದ ಆಗ್ತದಾ, ಎಷ್ಟು ಕೊಡಬೇಕು?

ಪರಿಚಯದಿಂದ ಆಗುವುದಿಲ್ಲ. ಕೊಡುವುದೂ ಏನಿಲ್ಲ. 'ಸೆಟ್ಟಿಂಗ್ ಇದೆ' ಅನ್ನುವವನು ಮೋಸಗಾರ, ಅವನು ಮಾಜಿ ಸೈನಿಕನೇ ಆಗಿದ್ದರೂ. 2023ರಿಂದ ಭೂಸೇನೆಯ ಭರ್ತಿಗೆ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಪಾಸಾದರೆ ಮಾತ್ರ ಮೈದಾನ. ನಮ್ಮ ಹುಡುಗರು 1.6 ಕಿಲೋಮೀಟರ್ ಓಟಕ್ಕೆ ವರ್ಷಪೂರ್ತಿ ತಯಾರಾಗಿ ಲೆಕ್ಕದಲ್ಲಿ ಬೀಳುತ್ತಾರೆ. ಭಾನುವಾರ ಬೆಳಿಗ್ಗೆ ಓಡಿಸುತ್ತೇವೆ, ಆಮೇಲೆ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಾರೆ. ಎರಡಕ್ಕೂ ಬರುವವರನ್ನಷ್ಟೇ ಸೇರಿಸಿಕೊಳ್ಳುತ್ತೇವೆ.

## ರಸ್ತೆಯ ಮೇಲೆ

ಇಂಥ ಬಿಸಿಲಲ್ಲಿ ಹೆಂಗ್ರೀ ಓಡಿಸ್ತೀರಿ?

ಓಡಿಸುವುದಿಲ್ಲ. ಬೇಸಿಗೆಯಲ್ಲಿ ಐದಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಬೇಕು, ಮತ್ತೆ ಹೊರಡುವುದು ಸಂಜೆ ಐದಕ್ಕೆ. ತೋಳು ತುಂಬ ಹತ್ತಿ ಅಂಗಿ, ಕುತ್ತಿಗೆಗೆ ಒದ್ದೆ ಟವೆಲ್, ಚೀಲದಲ್ಲಿ ಒಆರ್‌ಎಸ್ ಪೊಟ್ಟಣ. ಅರವಟ್ಟಿಗೆ ಕಂಡಲ್ಲಿ ನಿಲ್ಲುವುದು. ಯಾದಗಿರಿ ರಸ್ತೆಯಲ್ಲಿ ಒಂದು ಅರವಟ್ಟಿಗೆಯನ್ನು ನಾವೇ ಇಟ್ಟಿದ್ದೇವೆ, ಮಡಕೆ ತುಂಬುವ ಪಾಳಿ ಹಚ್ಚಿಕೊಂಡಿದ್ದೇವೆ.

ಸಾಲು ಸಾಲಾಗಿ ಹೋಗ್ತೀರಲ್ಲ, ಅದಕ್ಕೇನಾದ್ರೂ ನಿಯಮ ಇದೆಯಾ?

ಇದೆ. ಒಂದರ ಹಿಂದೆ ಒಂದು ನೇರವಾಗಿ ಹೋಗುವುದಿಲ್ಲ. ಮುಂದಿನವನು ಲೇನಿನ ಬಲಕ್ಕಿದ್ದರೆ ಅವನ ಹಿಂದಿನವನು ಎಡಕ್ಕೆ. ಇದರಿಂದ ಮುಂದಿನ ಗುಂಡಿ ಕಾಣುತ್ತದೆ, ಬ್ರೇಕ್ ಹಾಕಲು ಜಾಗ ಸಿಗುತ್ತದೆ. ನೇರ ಮುಂದಿರುವವನಿಗೆ ಕನಿಷ್ಠ ಎರಡು ಸೆಕೆಂಡಿನ ಅಂತರ. ಹೊಸಬರು ಮುಂದಾಳಿನ ಬೆನ್ನಿಗೆ, ಅನುಭವಿ ಕೊನೆಗೆ. ಕೊನೆಯವನ ಹತ್ತಿರ ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆ ಡಬ್ಬಿ ಇರುತ್ತದೆ. ಪೆಟ್ರೋಲ್ ನಿಲುಗಡೆ ಲೆಕ್ಕ ಹಾಕುವುದು ಅತಿ ಚಿಕ್ಕ ಟ್ಯಾಂಕಿನ ಗಾಡಿಯಿಂದ, ಅಂದರೆ ಎಕ್ಸೆಲ್‌ನಿಂದ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೇ ಬೇಕು.

ನಮ್ಮ ರಸ್ತೆಗಳಿಗೆ ಇನ್ನಷ್ಟು ಸೇರಿಸಬೇಕು. ಸುಗ್ಗಿಯಲ್ಲಿ ರಸ್ತೆ ಮೇಲೆ ಜೋಳ, ತೊಗರಿ ಹರಡಿರುತ್ತಾರೆ, ಅದರ ಮೇಲೆ ಬ್ರೇಕ್ ಒತ್ತಿದರೆ ಬಿದ್ದಂತೆಯೇ. ಮೊದಲ ಮಳೆಗೆ ಟ್ರ್ಯಾಕ್ಟರ್ ಗಾಲಿ ತಂದ ಎರೆಮಣ್ಣು ಡಾಂಬರಿನ ಮೇಲೆ ಸೋಪಿನ ಹಾಗಿರುತ್ತದೆ. ಬಣ್ಣ ಬಳಿಯದ ಸ್ಪೀಡ್ ಬ್ರೇಕರ್ ಪ್ರತಿ ಊರ ಬಾಗಿಲಲ್ಲೂ ಕಾಯುತ್ತಿರುತ್ತದೆ.

## ದುಡ್ಡು ಮತ್ತು ವ್ಯವಸ್ಥೆ

ದೇಣಿಗೆ ಕೊಡಬೇಕು, ಅಕೌಂಟ್ ನಂಬರ್ ಕೊಡಿ.

ಅಕೌಂಟೇ ಇಲ್ಲ. ನಾವು ಹಣ ತೆಗೆದುಕೊಳ್ಳುವುದಿಲ್ಲ. ಲೆಕ್ಕ ಇಡುವ ತಾಳ್ಮೆ ನಮಗಿಲ್ಲ, ಲೆಕ್ಕ ಇಲ್ಲದ ಹಣ ಗೆಳೆತನ ಕೆಡಿಸುತ್ತದೆ. ಸೈನಿಕರ ಕುಟುಂಬಕ್ಕೇ ಕೊಡಬೇಕೆಂದಿದ್ದರೆ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೊಡಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನ ನಡೆಯುತ್ತಿದೆ. ನಮಗೇ ಏನಾದರೂ ಕೊಡಬೇಕು ಅನ್ನಿಸಿದರೆ ಹೊಳೆಯುವ ಪಟ್ಟಿಯ ಸುರುಳಿ ತಂದುಕೊಡಿ. ಅಥವಾ ಒಂದು ಭಾನುವಾರ ಕೊಡಿ.

ಕೊಡುವಾಗ ಫೋಟೋ ಯಾಕೆ ತೆಗೆಯಲ್ಲ? ತೆಗೆದರೆ ತಾನೇ ನಾಲ್ಕು ಜನಕ್ಕೆ ಗೊತ್ತಾಗೋದು?

ನಾವು ಹೋಗುವ ಮನೆಯವರು ನಮ್ಮ ಜೊತೆ ನೌಕರಿ ಮಾಡಿದವರ ಮನೆಯವರು. ಅವರ ಕೈ ಚಾಚಿಸಿ ಫೋಟೋ ತೆಗೆಯಲು ಮನಸ್ಸು ಬರುವುದಿಲ್ಲ. ಬೈಕಿನ ಫೋಟೋ ಬೇಕಾದಷ್ಟು ತೆಗೆಯುತ್ತೇವೆ.

ನಮ್ಮ ತಾಲೂಕಿನಲ್ಲೂ ಇಂಥದ್ದು ಶುರು ಮಾಡಬೇಕು. ಎಲ್ಲಿಂದ ಹಿಡಿಯೋದು?

ಹೆಸರು, ಬ್ಯಾನರ್, ಟೀ ಶರ್ಟಿನಿಂದ ಹಿಡಿಯಬೇಡಿ. ನಾಲ್ಕು ಜನ ಸಾಕು. ನಿಮ್ಮ ತಾಲೂಕಿನಲ್ಲಿ ಎಷ್ಟು ಮಾಜಿ ಸೈನಿಕರ, ವಿಧವೆಯರ ಮನೆ ಇವೆ ಎಂದು ಊರೂರು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಬರೆಯುತ್ತ ಹೋದಂತೆ ಕೆಲಸ ತಾನಾಗೇ ಕಾಣುತ್ತದೆ. ಹಣ ಸಂಗ್ರಹಿಸುವ ಆಲೋಚನೆ ಇದ್ದರೆ ಮಾತ್ರ ನೋಂದಣಿಗೆ ಹೋಗಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, ಆಮೇಲೆ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗಬೇಕೆಂದರೆ ಆದಾಯ ತೆರಿಗೆ ಇಲಾಖೆಯಿಂದ 80ಜಿ ಅನುಮತಿ ಬೇಕು. ಅದಿದ್ದರೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಇಲ್ಲ. ದೊಡ್ಡ ರೈಡ್ ಇದ್ದರೆ ಮೊದಲೇ ಪೊಲೀಸರಿಗೆ ದಾರಿ, ಸಮಯ, ಗಾಡಿಗಳ ಸಂಖ್ಯೆ ಬರೆದು ತಿಳಿಸಿ.

ಶಹಾಪುರ, ಸುರಪುರ ಕಡೆಯವರು ಕೇಳುತ್ತಿದ್ದರೆ ಬೇಗ ಹೇಳಿ. ನಮ್ಮ ನೋಟುಬುಕ್ಕಿನಲ್ಲಿ ಆ ಕಡೆಯ ಹನ್ನೊಂದು ಮನೆಗಳಿವೆ. ಕಲಬುರಗಿಯಿಂದ ಹೋಗಿ ಬರುವುದರಲ್ಲೇ ನಮ್ಮ ಇಡೀ ದಿನ ಹೋಗುತ್ತಿದೆ, ಒಂದು ದಿನಕ್ಕೆ ಎರಡು ಮನೆ ಮುಗಿದರೆ ಹೆಚ್ಚು.